ಎರೆಸೀಮೆಯಲ್ಲಿ ಕೆಂಪು ನೆಲದ ಮನೆ

"ಗುರುಗಳೇ, ನೀವು ನನಗೆ ಕಲಿಸಿದ್ದನ್ನೇ ಒಂದಕ್ಷರ ಬಿಡದೆ ಕಲಿಸಿದೆ. ಆ ಜನ ಯಾಕೆ ಒಂದಿಷ್ಟೂ ಬದಲಾಗಲಿಲ್ಲ?"

ಕೇಳಿದವನು ಗುರುಶಾಂತ. ದೂರದ ಊರೊಂದರಲ್ಲಿ ಮಠದ ಶಾಖೆ ತೆರೆದು, ಅದನ್ನು ನೋಡಿಕೊಳ್ಳಲು ಗುರುಗಳು ಅವನನ್ನು ಕಳಿಸಿದ್ದರು. ವರ್ಷ ತುಂಬುವುದರೊಳಗೆ ಅವನು ಗಂಟುಮೂಟೆ ಕಟ್ಟಿಕೊಂಡು ಹಿಂದಿರುಗಿದ್ದ. ಇಲ್ಲಿ ಗಂಟೆ ಬಾರಿಸುವ ಹೊತ್ತಿಗೇ ಅಲ್ಲಿಯೂ ಬಾರಿಸಿದೆ, ಇಲ್ಲಿ ಹೇಳುವ ಪಾಠವನ್ನೇ ಹೇಳಿದೆ, ಇಲ್ಲಿಯ ನಿಯಮವನ್ನೇ ಇಟ್ಟೆ ಎಂದ. ಜನ ಬರುತ್ತಿದ್ದರಂತೆ. ಕೈಮುಗಿದು ಕೇಳುತ್ತಿದ್ದರಂತೆ. ಏಳುವಾಗ ಬಹಳ ಚೆನ್ನಾಗಿತ್ತು ಅನ್ನುತ್ತಿದ್ದರಂತೆ. ಹೊರಗೆ ಹೋದಮೇಲೆ ಮೊದಲು ಇದ್ದ ಹಾಗೆಯೇ ಇರುತ್ತಿದ್ದರಂತೆ. ಆ ಊರಿನ ನೆಲದಲ್ಲೇ ಏನೋ ದೋಷವಿದೆ, ಅಲ್ಲಿಯ ಮಠವನ್ನು ಮುಚ್ಚಿಬಿಡುವುದೇ ಒಳ್ಳೆಯದು ಎಂಬುದು ಅವನ ತೀರ್ಮಾನ. ಅಷ್ಟು ಹೇಳಿ, ಗುರುಗಳು ಹೂಂ ಅನ್ನಲಿ ಎಂದು ಕಾದ.

ಗುರುಗಳು ಹೂಂ ಅನ್ನಲಿಲ್ಲ. ನೆಲದ ಮಾತು ನೀನೇ ಎತ್ತಿದೆ, ಹಾಗಾದರೆ ನೆಲದ ಕತೆಯನ್ನೇ ಕೇಳು ಎಂದು ಶುರುಮಾಡಿದರು.

ಕೆಂಪು ಮಣ್ಣಿನ ಸೀಮೆಯಲ್ಲಿ ಒಬ್ಬ ವರ್ತಕನಿದ್ದ. ಅವನಿಗೆ ಒಬ್ಬಳೇ ಮಗಳು. ಅವಳನ್ನು ಎರೆಸೀಮೆಯ ಒಬ್ಬ ರೈತನ ಮಗನಿಗೆ ಕೊಟ್ಟ. ಎರೆಸೀಮೆಯೆಂದರೆ ಕಪ್ಪು ಮಣ್ಣಿನ ನಾಡು. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು, ಹೊಲ ಕಣ್ಣು ಹಾಯುವಷ್ಟು ದೂರ. ಮನೆಯೊಂದು ಮಾತ್ರ ವರ್ತಕನಿಗೆ ಹಿಡಿಸಲಿಲ್ಲ. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ತಗ್ಗು ಬಾಗಿಲು. ಮದುವೆಯ ಮಾತುಕತೆಗೆ ಹೋದ ದಿನ ಅವನು ತಲೆ ಬಗ್ಗಿಸುವುದನ್ನು ಮರೆತದ್ದರಿಂದ ರುಮಾಲು ಬಾಗಿಲಿಗೆ ತಗುಲಿ ಕೆಳಗೆ ಬಿತ್ತು. ಎಲ್ಲರೂ ನೋಡಿದರು. ಅವನು ರುಮಾಲು ಎತ್ತಿಕೊಂಡು ಹೊರಗಿನ ಕಟ್ಟೆಯ ಮೇಲೆಯೇ ಕೂತು ಮಾತು ಮುಗಿಸಿದ. ಆ ಮನೆಯ ಹೊಸ್ತಿಲು ಮಾತ್ರ ಇನ್ನು ದಾಟುವುದಿಲ್ಲ ಎಂದು ಮನಸ್ಸಿನಲ್ಲಿ ನಿಶ್ಚಯಿಸಿದ.

ಮಗಳು ಹುಟ್ಟಿ ಬೆಳೆದ ಮನೆಯಂಥದೇ ಮನೆಯನ್ನು ಅವಳಿಗೆ ಅಲ್ಲಿ ಕಟ್ಟಿಸಿಕೊಡುತ್ತೇನೆ, ತವರು ಬಿಟ್ಟು ಬಂದೆ ಎಂದು ಅವಳಿಗೆ ಅನ್ನಿಸಲೇ ಕೂಡದು ಎಂದು ವರ್ತಕ ಸಾರಿದ. ಮಗಳ ಮೇಲೆ ಅವನಿಗಿದ್ದ ಪ್ರೀತಿ ನಿಜವಾದದ್ದು, ಅದರಲ್ಲಿ ಹುಳುಕು ಹುಡುಕಬೇಡ. ರೈತ ತನ್ನ ಮನೆಯ ಪಕ್ಕದಲ್ಲೇ ಜಾಗ ಬಿಟ್ಟುಕೊಟ್ಟ. ವರ್ತಕ ತನ್ನ ಮನೆಯನ್ನು ಕೋಲು ಹಿಡಿದು ಅಳೆಸಿದ. ಕೋಣೆ ಅಳೆಸಿದ, ಜಗಲಿ ಅಳೆಸಿದ, ಬಾಗಿಲಿನ ಎತ್ತರ ಅಳೆಸಿದ. ಹಿತ್ತಲಿನ ಪಾಯಖಾನೆಯ ಗುಂಡಿಯೊಳಗೂ ಕೋಲು ಇಳಿಬಿಟ್ಟು ಅಳೆಸಿದ. ಆಮೇಲೆ ಆ ಕೋಲನ್ನು ಯಾರು ಹಿಡಿದುಕೊಳ್ಳಬೇಕು ಎಂದು ಗಾರೆಯವರಲ್ಲಿ ಜಗಳವಾಯಿತು.

ದೀಪಾವಳಿ ಕಳೆದಮೇಲೆ ಎರೆಸೀಮೆಯಲ್ಲಿ ಪಾಯ ತೆಗೆದರು. ಕೆಂಪು ನೆಲದಲ್ಲಿ ಮೊಣಕಾಲುದ್ದ ಅಗೆಯುವಷ್ಟರಲ್ಲಿ ಹಾರೆಗೆ ಕಿಡಿ ಹಾರುತ್ತದೆ, ಅಲ್ಲಿಂದ ಗೋಡೆ ಎಬ್ಬಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಅಲುಗುವುದಿಲ್ಲ. ಇಲ್ಲಿ ಗುದ್ದಲಿ ಹಿಟ್ಟಿನಲ್ಲಿ ಇಳಿದ ಹಾಗೆ ಇಳಿಯಿತು. ಮೊಣಕಾಲುದ್ದ ಆದಕೂಡಲೇ ವರ್ತಕ ಸಾಕು ಎಂದ. ಎಂಥ ಮೆದು ನೆಲ, ಅರ್ಧ ದಿನಕ್ಕೇ ಕೆಲಸ ಮುಗಿಯಿತು ಎಂದು ಹಿಗ್ಗಿದ.

ರೈತ ಬಂದು ಪಾಯದ ಪಕ್ಕದಲ್ಲಿ ನಿಂತ. ಅವನಿಗೆ ಎಲ್ಲ ಗೊತ್ತಿತ್ತು. ಆ ನೆಲದಲ್ಲಿ ಆಳುದ್ದ ಇಳಿಯದೆ ಗಟ್ಟಿ ಸಿಗುವುದಿಲ್ಲ. ಮೇಲಿನ ಎರೆ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ್ದು ಅದರ ಜೊತೆಗೇ ಏಳುತ್ತದೆ, ಅದರ ಜೊತೆಗೇ ಇಳಿಯುತ್ತದೆ. ಆದರೆ ಹೇಳುವುದು ಹೇಗೆ? ಹೆಣ್ಣು ಕೊಟ್ಟವರು ಮಾಡಿಸಿದ್ದಕ್ಕೆ ಗಂಡಿನ ತಂದೆ ಕೊಂಕು ತೆಗೆಯುವಂತಿಲ್ಲ. ಇನ್ನಷ್ಟು ಆಳ ತೆಗೆಸಿ ಎಂದರೆ, ಬೀಗರನ್ನು ಹಿಂಡಿ ಇನ್ನೂ ದೊಡ್ಡ ಮನೆ ಕಟ್ಟಿಸಿಕೊಳ್ಳುವ ಹುನ್ನಾರ ಎಂದು ಊರು ಆಡಿಕೊಳ್ಳುತ್ತದೆ. ವರ್ತಕನೂ ಕೇಳುವಂತಿರಲಿಲ್ಲ. ನಿಮ್ಮ ಕಡೆ ಎಷ್ಟು ಆಳ ತೆಗೆಯುತ್ತೀರಿ ಎಂದು ಕೇಳಿದರೆ, ಹೆಣ್ಣಿನ ತಂದೆಗೆ ಮನೆ ಕಟ್ಟಿಸುವುದೇ ಗೊತ್ತಿಲ್ಲ ಎಂದಾಗುತ್ತದೆ. ರೈತ ಒಮ್ಮೆ ಕೆಮ್ಮಿದ. ಗಡ್ಡ ಕೆರೆದುಕೊಂಡ. ಕೊನೆಗೆ ಒಂದೇ ಮಾತು ಹೇಳಿದ.

"ಚಲೋ ಆಗೇತ್ರಿ ಬೀಗ್ರ."

ಊರಿನವರು ಒಬ್ಬೊಬ್ಬರಾಗಿ ಬಂದು ನೋಡಿದರು. ಅವರೂ ಅದನ್ನೇ ಹೇಳಿದರು. ಇಷ್ಟು ಜನ ಮೆಚ್ಚಿದ ಪಾಯವನ್ನು ಯಾರೂ ಕಟ್ಟಿಸಿಲ್ಲ ಎಂದು ವರ್ತಕ ಮೀಸೆ ತಿರುವಿದ.

ಮನೆ ಎದ್ದಿತು. ಬೇಸಿಗೆಯಲ್ಲಿ ಗೃಹಪ್ರವೇಶವೂ ಆಯಿತು. ಆಮೇಲೆ ಮುಂಗಾರು ಹಿಡಿಯಿತು. ಒಂದು ಬೆಳಿಗ್ಗೆ ಮಗಳು ತಲೆಬಾಗಿಲು ತೆಗೆಯಹೋದರೆ ಅದು ಜಪ್ಪಯ್ಯ ಎಂದರೂ ಬರಲಿಲ್ಲ. ಒಳಗಿನಿಂದ ಅವಳು ಎಳೆದಳು, ಹೊರಗಿನಿಂದ ಗಂಡ ತಳ್ಳಿದ. ಗೋಡೆ ಬಾಗಿಲನ್ನು ಕಚ್ಚಿ ಹಿಡಿದಿತ್ತು. ಕೊನೆಗೆ ಗಂಡ ಕಿಟಕಿಯ ಸರಳು ಕಿತ್ತ, ಅವಳು ಅದರಿಂದ ಇಳಿದಳು. ಮಳೆಗಾಲ ಮುಗಿಯುವವರೆಗೆ ಆ ಮನೆಗೆ ಕಿಟಕಿಯೇ ಬಾಗಿಲಾಯಿತು.

ನಾಗರ ಪಂಚಮಿಗೆ ಮಗಳನ್ನು ಕರೆದೊಯ್ಯಲು ವರ್ತಕ ಬಂದ. ಅವನನ್ನೂ ಕಿಟಕಿಯಿಂದಲೇ ಬರಮಾಡಿಕೊಂಡರು. ತಲೆ ಒಳಗೆ ಬಂತು, ಎದೆ ಬಂತು, ಹೊಟ್ಟೆ ಬರಲಿಲ್ಲ. ಅಳಿಯ ಒಳಗಿನಿಂದ ಎಳೆದ. ಬೀಗನಾದ ರೈತ ಹೊರಗಿನಿಂದ, ಎಲ್ಲಿ ಕೈಯಿಟ್ಟು ತಳ್ಳಿದರೆ ಮರ್ಯಾದೆ ಎಂದು ತಿಳಿಯದೆ, ಕಾಲು ಹಿಡಿದು ತಳ್ಳಿದ. ಒಳಗೆ ಬಿದ್ದ ವರ್ತಕ ಎದ್ದು ಕೂತು, ಇದೆಲ್ಲ ಬಡಗಿಯ ಮೋಸ ಎಂದ. ಬಡಗಿಯನ್ನು ಕರೆಸಿ ಬಾಗಿಲಿನ ಅಂಚು ಹೆರೆಸಿದ. ಬೇಸಿಗೆ ಬಂತು. ನೆಲ ಕುಗ್ಗಿತು. ಹೆರೆದ ಬಾಗಿಲಿಗೂ ಗೋಡೆಗೂ ನಡುವೆ ಬೆಕ್ಕು ನುಗ್ಗುವಷ್ಟು ಸಂದಿಯಾಯಿತು. ಮರುವರ್ಷ ಮಳೆಗೆ ಬಾಗಿಲು ಮತ್ತೆ ಸಿಕ್ಕಿಕೊಂಡಿತು, ಮತ್ತೆ ಹೆರೆಸಿದ, ಬೇಸಿಗೆಗೆ ನಾಯಿ ನುಗ್ಗಿತು. ಅದರ ಮರುವರ್ಷಕ್ಕೆ ಕರು ನುಗ್ಗುವಷ್ಟಾಯಿತು.

ಪಾಯಖಾನೆಯ ಗುಂಡಿಯ ಕತೆ ಇದಕ್ಕಿಂತ ದೊಡ್ಡದು. ಕೆಂಪು ನೆಲದ ಗುಂಡಿ ಎಷ್ಟು ಹೊಯ್ದರೂ ಕುಡಿದು ಸುಮ್ಮನಿರುತ್ತದೆ. ಎರೆ ಒಮ್ಮೆ ನೀರುಂಡು ಉಬ್ಬಿತೆಂದರೆ ಮತ್ತೆ ಒಂದು ತಂಬಿಗೆ ನೀರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಮಳೆಗಾಲದಲ್ಲಿ ಆ ಗುಂಡಿ ತನಗೆ ಕೊಟ್ಟದ್ದನ್ನೆಲ್ಲ ಹಿಂದಕ್ಕೆ ಕೊಟ್ಟಿತು. ವರ್ತಕ, ಗುಂಡಿ ಚಿಕ್ಕದಾಯಿತು ಎಂದು ಅದನ್ನು ದೊಡ್ಡದು ಮಾಡಿಸಿದ. ಈಗ ಅದರಲ್ಲಿ ಮಳೆಯ ನೀರೂ ಸೇರಿತು. ನಾತ ರೈತನ ಕಟ್ಟೆಯವರೆಗೂ ಬಂತು. ರೈತ ಮೂಗು ಮುಚ್ಚಿಕೊಂಡು ಎದ್ದ. ಕಟ್ಟೆಯ ಮೇಲಿದ್ದ ತನ್ನ ಹಗ್ಗದ ಮಂಚ, ಆ ಹೊರಸನ್ನು ಆಚೆ ಬದಿಗೆ ಹಾಕಿಕೊಂಡ. ಅಲ್ಲಿಂದ ದನದ ಕೊಟ್ಟಿಗೆಗೆ ಒಯ್ದ. ಕೊನೆಗೆ ಹೊರಸು ಹೊತ್ತುಕೊಂಡು ಹೊಲಕ್ಕೇ ಹೋಗಿ ಮಲಗಿದ. ಬೀಗರೇ, ಹೊಲದಲ್ಲೇಕೆ ಮಲಗುತ್ತೀರಿ ಎಂದು ವರ್ತಕ ಕೇಳಿದ್ದಕ್ಕೆ, ಬೆಳೆ ಕಾಯಬೇಕಲ್ಲ ಎಂದ. ಹೊಲದಲ್ಲಿ ಇನ್ನೂ ಬಿತ್ತನೆಯೇ ಆಗಿರಲಿಲ್ಲ.

ಮಗಳಿಗೆ ಮಲ್ಲಿಗೆಯೆಂದರೆ ಜೀವ. ವರ್ತಕ ಊರಿನಿಂದ ಮಲ್ಲಿಗೆ ಬಳ್ಳಿಗಳನ್ನು ತಂದು ನೆಡಿಸಿದ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತು ಬೇರು ಕೊಳೆಯಿತು. ಮತ್ತೆ ನೆಡಿಸಿದ. ಬೇಸಿಗೆಯಲ್ಲಿ ನೆಲ ಬಾಯಿ ಬಿಟ್ಟು ಬೇರು ಹರಿಯಿತು. ಆ ಬಿರುಕಿನೊಳಗೆ ಮಗಳ ಹಿತ್ತಾಳೆ ಚೊಂಬು ಜಾರಿ ಬಿದ್ದು, ಹೋದದ್ದು ಹೋಗಿಯೇಬಿಟ್ಟಿತು. ವರ್ತಕನಿಗೆ ಹಟ ಹಿಡಿಯಿತು. ಈ ನೆಲವೇ ಸರಿಯಿಲ್ಲ, ನಮ್ಮ ನೆಲವನ್ನೇ ಇಲ್ಲಿಗೆ ತರುತ್ತೇನೆ ಎಂದ. ಸಾಲು ಬಂಡಿಗಳಲ್ಲಿ ಕೆಂಪು ಮಣ್ಣು ಹೇರಿಕೊಂಡು ಬಂದ. ದಾರಿಯಲ್ಲಿ ಜನ ಬಂಡಿ ತಡೆದು ಏನು ಮಾಲು ಎಂದು ಕೇಳಿದರು. ಮಣ್ಣು ಎಂದರೆ ಯಾರೂ ನಂಬಲಿಲ್ಲ. ಕೈ ಹಾಕಿ ತಳದವರೆಗೂ ಕೆದಕಿ ನೋಡಿ, ನಿಜವಾಗಿಯೂ ಮಣ್ಣೇ ಎಂದು ಗೊತ್ತಾದಮೇಲೆ, ಪಾಪ ಎಂದು ದಾರಿ ಬಿಟ್ಟರು. ಹಿತ್ತಲ ತುಂಬ ಕೆಂಪು ಮಣ್ಣು ಹರಡಿಸಿದ. ಬೇಸಿಗೆ ಬಂದಾಗ ಎರೆ ಬಿರಿದು ಅದನ್ನೆಲ್ಲ ಒಳಗೆ ಎಳೆದುಕೊಂಡಿತು. ಮುಂದಿನ ಮಳೆಗೆ ಮತ್ತೆ ಕಪ್ಪಗೆ ಮೇಲೆ ಬಂತು.

ಇಷ್ಟಾದರೂ ಮಗಳು ಯಾಕೆ ಸುಮ್ಮನಿದ್ದಳು ಎಂದು ನೀನು ಕೇಳಬಹುದು. ಅಪ್ಪ ಬಂದಾಗಲೆಲ್ಲ ಅವಳ ಮುಖ ನೋಡಿ, ಮನೆ ಹೇಗಿದೆ ಮಗಳೇ ಎಂದು ಕೇಳುತ್ತಿದ್ದ. ಆ ಮುಖದಲ್ಲಿ ಅಷ್ಟು ಆಸೆ ಇರುವಾಗ ಅವಳು ಇನ್ನೇನು ಹೇಳಿಯಾಳು? ಚೆನ್ನಾಗಿದೆ ಅಪ್ಪಾ ಎನ್ನುತ್ತಿದ್ದಳು. ಅವನು ಅತ್ತ ಹೋದಮೇಲೆ ಕೂತು ಅಳುತ್ತಿದ್ದಳು. ಒಂದು ಮಳೆಗಾಲದಲ್ಲಿ ಅತ್ತೆ ಅವಳ ಕೈ ಹಿಡಿದು, ಬಾ ನಮ್ಮ ಮನೆಗೆ ಎಂದು ತಗ್ಗು ಬಾಗಿಲಿನ ಹಳೆಯ ಮನೆಗೆ ಕರೆದುಕೊಂಡಳು. ಅಲ್ಲಿ ಬಾಗಿಲು ಸಲೀಸಾಗಿ ತೆಗೆಯುತ್ತಿತ್ತು, ಸಲೀಸಾಗಿ ಮುಚ್ಚುತ್ತಿತ್ತು. ಮಗಳು ಅಲ್ಲೇ ಉಳಿದಳು. ಹೊಸ ಮನೆಯಲ್ಲಿ ಮೇವು ತುಂಬಿದರು.

ಆದರೆ ವರ್ತಕನ ಮನಸ್ಸು ನೋಯಿಸುವಂತಿಲ್ಲ. ಅವನ ಬಂಡಿಯ ಎತ್ತುಗಳಿಗೆ ದೊಡ್ಡ ಗಂಟೆಗಳು. ಹಳ್ಳದ ಆಚೆಯಿಂದಲೇ ಕೇಳಿಸುತ್ತಿತ್ತು. ಗಂಟೆ ಕೇಳಿತೋ, ಇಡೀ ಮನೆಗೆ ಮನೆಯೇ ಓಡುತ್ತಿತ್ತು. ಅಳಿಯ ಮೇವು ಹೊರಗೆ ಎಸೆಯುತ್ತಿದ್ದ. ನೆರೆಯವರು ಹಾಸಿಗೆ ಹೊರುತ್ತಿದ್ದರು. ಅತ್ತೆ ಕುದಿಯುವ ಸಾರನ್ನು ಪಾತ್ರೆ ಸಮೇತ ಕಿಟಕಿಯಿಂದ ದಾಟಿಸುತ್ತಿದ್ದಳು. ವರ್ತಕ ಬಂದು ನೋಡಿದರೆ ಮಗಳು ತನ್ನ ಮನೆಯಲ್ಲಿ, ತನ್ನ ಒಲೆಯ ಮುಂದೆ, ಏದುಸಿರು ಬಿಡುತ್ತ ಕೂತಿರುತ್ತಿದ್ದಳು. ಇವಳಿಗೆ ಕೆಲಸ ಜಾಸ್ತಿಯಾಯಿತು ಎಂದು ಅವನು ಮರುಗುತ್ತಿದ್ದ.

ಹೀಗೇ ನಡೆಯಿತು. ಒಂದು ಪಂಚಮಿಗೆ ವರ್ತಕ ಎಂದಿನಂತೆ ಹೊರಟು ಬಂದ. ಆ ಸಲ ಮಳೆ ಜೋರು. ಊರು ಇನ್ನೂ ದೂರವಿರುವಾಗಲೇ ಬಂಡಿಯ ಗಾಲಿ ಎರೆಯಲ್ಲಿ ಹೂತುಹೋಯಿತು. ಎತ್ತುಗಳು ನಿಂತವು, ಗಂಟೆಯೂ ನಿಂತಿತು. ವರ್ತಕ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ. ಎರೆಯಲ್ಲಿ ನಡೆದವನಿಗೆ ಗೊತ್ತು, ಹೆಜ್ಜೆಗೊಂದು ಪದರ ಕೆಸರು ಅಂಗಾಲಿಗೆ ಮೆತ್ತಿಕೊಳ್ಳುತ್ತದೆ. ಊರು ಮುಟ್ಟುವ ಹೊತ್ತಿಗೆ ಅವನು ಮನೆಬಿಟ್ಟಾಗ ಇದ್ದದ್ದಕ್ಕಿಂತ ಗೇಣುದ್ದ ಎತ್ತರವಾಗಿದ್ದ.

ಹೊಸ ಮನೆಯ ಮುಂದೆ ನಿಂತು ಮಗಳನ್ನು ಕೂಗಿದ. ಉತ್ತರವಿಲ್ಲ. ಬಾಗಿಲ ಸಂದಿಯಿಂದ ಇಣುಕಿದ. ಒಳಗಿನಿಂದ ಒಂದು ಕರು ಅವನನ್ನು ನೋಡಿತು. ಒಲೆಯಿದ್ದ ಕಡೆ ಮೇವಿನ ರಾಶಿ, ಗೋಡೆಯಲ್ಲಿ ಕೈ ಹೋಗುವಷ್ಟು ಬಿರುಕು. ವರ್ತಕನ ಜೀವ ಹಾರಿಹೋಯಿತು. ಮಗಳನ್ನು ಹೊರಗೆ ಹಾಕಿದರೋ, ಬಾವಿಗೆ ಹಾರಿದಳೋ, ಏನಾಯಿತೋ ಎಂದು ಮತ್ತೆ ಕೂಗಿದ. ಅಷ್ಟರಲ್ಲಿ ಪಕ್ಕದ ಹಳೆಯ ಮನೆಯಿಂದ ಅವಳ ನಗು ಕೇಳಿಸಿತು. ವರ್ತಕ ಹಿಂದೆಮುಂದೆ ನೋಡದೆ ಅತ್ತ ಓಡಿದ. ರುಮಾಲು ತಗ್ಗು ಬಾಗಿಲಿಗೆ ತಗುಲಿ ಬಿತ್ತು. ಬಿದ್ದದ್ದನ್ನು ಎತ್ತಿಕೊಳ್ಳಲಿಲ್ಲ.

ಒಳಗೆ ಬೆಚ್ಚಗಿತ್ತು. ಗೋಡೆಯಲ್ಲಿ ಒಂದು ಬಿರುಕಿರಲಿಲ್ಲ. ಮಗಳು ಅತ್ತೆಯ ಪಕ್ಕದಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದಳು. ಅವನನ್ನು ಕಂಡಕೂಡಲೇ ಎಲ್ಲರ ಕೈಯೂ ನಿಂತಿತು. ಕಿಟಕಿಯ ಕಡೆ ಓಡುವುದಕ್ಕೆ ಹೊತ್ತು ಮೀರಿತ್ತು.

ಮಗಳು ಬದುಕಿದ್ದಾಳೆ ಎಂದು ಕಂಡ ಮೇಲೆ ವರ್ತಕನಿಗೆ ಸಿಟ್ಟು ನೆತ್ತಿಗೇರಿತು. ನಾನು ಕಟ್ಟಿಸಿದ ಮನೆಯನ್ನು ಕೊಟ್ಟಿಗೆ ಮಾಡಿದಿರಿ, ನನ್ನ ಮುಂದೆ ನಾಟಕ ಆಡಿದಿರಿ ಎಂದು ಕೂಗಾಡಿದ. ಈಗಲೇ ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಇನ್ನು ನಿಮಗೂ ನಮಗೂ ಸಂಬಂಧವಿಲ್ಲ ಎಂದ. ಮಗಳು ಅಳುತ್ತ ಗೋಡೆಗೆ ಒರಗಿದಳು. ಅಳಿಯ ಮುಖ ತಿರುಗಿಸಿಕೊಂಡ. ಇನ್ನೊಂದು ಮಾತು ಜಾರಿದರೆ ಮದುವೆಯೇ ಮುರಿದುಬೀಳುವ ಹಾಗಿತ್ತು.

"ಮನೆ ಹಾಳಾಗ್ತಾ ಇದೆ ಅಂತ ಒಂದು ಮಾತು ನನಗೆ ಹೇಳಬಾರದಿತ್ತೇ ಬೀಗರೇ?" ಎಂದು ವರ್ತಕ ರೈತನ ಕಡೆ ತಿರುಗಿ ಕೇಳಿದ.

ರೈತ ತಲೆ ತಗ್ಗಿಸಿದ. "ಹೆಣ್ಣು ಕೊಟ್ಟವರು ಕಟ್ಟಿಸಿದ ಮನೀಗೆ ತಪ್ಪು ಹುಡುಕಿ ಹೆಸರಿಡೂದು ಹೆಂಗ್ರೀ? ನೀವು ಒಂದ್ ಸಲ ಕೇಳಿದ್ರ ಹೇಳತಿದ್ದೆ. ಬಂದಾಗೊಮ್ಮೆ ನಿಮ್ಮ ಮನೀಗೇ ಬಂದ್ರಿ. ನಮ್ಮ ಮನೀಗೆ ನೀವು ಬಂದಿದ್ದು ಇವತ್ತರೀ."

ವರ್ತಕ ಒಲೆಯ ಪಕ್ಕದಲ್ಲಿ ಕೂತ. ಮಗಳು ಕಣ್ಣೊರೆಸಿಕೊಂಡು ತಟ್ಟೆಗೆ ಬಿಸಿ ರೊಟ್ಟಿ ಹಾಕಿ ಅವನ ಮುಂದೆ ಇಟ್ಟಳು. ಅವನು ಉಂಡ. ಉಂಡು ಮುಗಿಸಿ, ಗೋಡೆಯನ್ನು ಕೈಯಿಂದ ಸವರುತ್ತ, ಇದಕ್ಕೆ ಎಷ್ಟು ಆಳ ತೆಗೆದಿದ್ದೀರಿ ಎಂದು ಕೇಳಿದ.

ಆಮೇಲೆ ಇಬ್ಬರೂ ಸೇರಿ ಮನೆ ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಎರೆ ಮುಗಿದು ಹಳದಿ ಗರಸಿನ ಗಟ್ಟಿ ನೆಲ ಸಿಗುವವರೆಗೆ ಪಾಯ ಇಳಿಸಿದರು, ಸುತ್ತಲೂ ಮರಳು ತುಂಬಿಸಿದರು. ಗುಂಡಿಯ ವಿಷಯದಲ್ಲಿ ರೈತನೂ ದಡ್ಡನೇ. ಅವನು ಹುಟ್ಟಿದಾಗಿನಿಂದ ಬಯಲಿಗೆ ಹೋದವನು. ಇಬ್ಬರು ಬೀಗರೂ ಹಿತ್ತಲಲ್ಲಿ ತಲೆಗೆ ತಲೆ ಕೊಟ್ಟು ಕೂತು ಆ ಒಂದು ವಿಷಯವನ್ನು ಎಷ್ಟೋ ದಿನ ಚರ್ಚೆ ಮಾಡಿದರು. ಊರಿನವರು ನಕ್ಕರು. ಕೊನೆಗೆ ನೆಲ ಕುಡಿಯುವುದಿಲ್ಲವೆಂದಾದರೆ ನೆಲದ ಮೇಲೆ ದಿಬ್ಬ ಮಾಡೋಣ ಎಂದು ಮರಳು, ಕಲ್ಲು, ಗರಸು ಪೇರಿಸಿ ನೀರು ಅದರಲ್ಲಿ ಇಂಗುವಂತೆ ಮಾಡಿದರು. ಸುತ್ತ ಬಾಳೆ ಹಾಕಿದರು. ಮಲ್ಲಿಗೆಗೆ ಎತ್ತರದ ಕಟ್ಟೆ ಕಟ್ಟಿ ಕೆಂಪು ಮಣ್ಣು ತುಂಬಿದರು. ಉಳಿದ ಹಿತ್ತಲಲ್ಲಿ ಅತ್ತೆ ಕಡಲೆ ಬಿತ್ತಿದಳು. ಹೊಲದಿಂದ ರೈತನ ಹೊರಸು ಮನೆಗೆ ಬಂತು.

ಇಲ್ಲಿಗೆ ವರ್ತಕನೊಬ್ಬನೇ ಮೂರ್ಖ ಎಂದುಕೊಂಡು ನಗಬೇಡ. ಮಗಳು ಬಾಣಂತನಕ್ಕೆ ತವರಿಗೆ ಹೋದಳು. ಮೊಮ್ಮಗುವನ್ನು ನೋಡಲು ರೈತ ಕೆಂಪು ಸೀಮೆಗೆ ಹೋದ. ಬರಿಗೈಯಲ್ಲಿ ಹೋಗಬಾರದೆಂದು ತನ್ನ ಹೊಲದ ಬಿಳಿಜೋಳದ ಬೀಜ ಒಯ್ದು, ಮಳೆಗಾಲ ಮುಗಿದ ಮೇಲೆ ಬೀಗರ ಹಿತ್ತಲಲ್ಲಿ ತಾನೇ ಬಿತ್ತಿದ. ನೀರು ಹಾಕಲು ಬಂದ ಬೀಗಿತಿಯನ್ನು ತಡೆದ. ನಮ್ಮ ಜೋಳಕ್ಕೆ ನೀರು ಬೇಕಾಗಿಲ್ಲ, ಮಂಜಿನ ಹನಿಯಲ್ಲೇ ತೆನೆ ಕಟ್ಟುತ್ತದೆ ಎಂದ. ಎರೆಯಲ್ಲಾದರೆ ಕಟ್ಟುತ್ತದೆ, ಅದು ಮಳೆಯ ನೀರನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡಿರುತ್ತದೆ. ಕೆಂಪು ನೆಲ ಕುಡಿದದ್ದನ್ನು ಕೂಡಲೇ ಕೆಳಗೆ ಬಿಟ್ಟುಬಿಡುತ್ತದೆ. ಜೋಳ ಮೊಳದುದ್ದ ಬೆಳೆದು ಬಾಡತೊಡಗಿತು. ರೈತ ಅದರ ಪಕ್ಕದಲ್ಲಿ ನಿಂತು, ಹೇಗಿದೆ ಎಂದು ಕೇಳಿದ. ವರ್ತಕ ಏನು ಹೇಳಿದ ಗೊತ್ತೇ? ಬಹಳ ಚೆನ್ನಾಗಿ ಬಂದಿದೆ ಬೀಗರೇ ಎಂದ. ಅಷ್ಟು ಪಾಡು ಪಟ್ಟರೂ ಬೀಗರ ನಡುವಿನ ಹಳೆಯ ಚಾಳಿ ಬಿಟ್ಟಿರಲಿಲ್ಲ. ಈ ಸಲ ಮಗಳು ಸುಮ್ಮನಿರಲಿಲ್ಲ. ಬಾಣಂತಿ ಕೋಣೆಯಿಂದಲೇ, ಇಬ್ಬರೂ ಸೇರಿ ಅದಕ್ಕೆ ನೀರು ಹಾಕಿ ಎಂದು ಕೂಗಿದಳು.

ಕತೆ ಇಲ್ಲಿಗೆ ಮುಗಿಯಿತು.

ಗುರುಶಾಂತ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ. ನಗು ನಿಂತಮೇಲೆ ಅವನಿಗೆ ಹುರುಪು ಬಂತು. ಮಠ ಮುಚ್ಚುವುದು ಬೇಡ, ನಾಳೆಯೇ ಹಿಂದಿರುಗುತ್ತೇನೆ ಎಂದ. ಇಲ್ಲಿಯದು ಕೆಂಪು ನೆಲ, ಅಲ್ಲಿಯದು ಎರೆ, ಅದು ತನಗೆ ತಿಳಿಯದೆ ಹೋಯಿತು ಎಂದ. ಆ ಜನಕ್ಕೆ ಎಂಥ ಪಾಠ ಬೇಕು, ಎಂಥ ನಿಯಮ ಬೇಕು, ಗಂಟೆಯನ್ನು ಯಾವ ಹೊತ್ತಿಗೆ ಬಾರಿಸಬೇಕು ಎಂಬುದನ್ನೆಲ್ಲ ಕತೆ ಕೇಳುತ್ತಲೇ ಯೋಚಿಸಿ ಇಟ್ಟಿದ್ದೇನೆ ಎಂದ. ನಮಸ್ಕಾರ ಮಾಡಿ ಎದ್ದು ನಿಂತ.

ಗುರುಗಳು ಅವನ ಮುಖ ನೋಡಿದರು.

"ಹೋಗಪ್ಪಾ, ಬೇಡವೆನ್ನುವುದಿಲ್ಲ. ನಿನ್ನ ಪಾಠಕ್ಕೆ ಬರುತ್ತಿದ್ದ ಆ ಊರಿನವರಲ್ಲಿ ಒಬ್ಬರದಾದರೂ ಹೆಸರು ಹೇಳಿ ಹೋಗು."

ಎದ್ದು ನಿಂತಿದ್ದ ಗುರುಶಾಂತ ಮತ್ತೆ ಕುಳಿತ.